ಕೈಗೆ ಕೊಡಬಾರದ ಉಡುಗೊರೆ

ತನ್ನ ಮದುವೆಯಲ್ಲಿ ಪಕ್ಕಕ್ಕೆ ನಿಲ್ಲುವವರಿಗೆಲ್ಲ ಚಾಕು ಉಡುಗೊರೆ ಕೊಡುತ್ತೇನೆ ಎಂದು ಚಿಕ್ಕ ಮಗ ಡರ್ಹಮ್‌ನಿಂದ ಫೋನ್ ಮಾಡಿ ಹೇಳಿದಾಗ ನಾನು ಹರ್ನ್‌ಡನ್ನಿನ ನಮ್ಮ ಅಡುಗೆಮನೆಯ ನೆಲದ ಮೇಲೆ, ಈಳಿಗೆಯ ಮುಂದೆ ಕೂತು ಹೀರೇಕಾಯಿ ಹೆಚ್ಚುತ್ತಿದ್ದೆ. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಮಾತು ಕೇಳಿ ಕೈ ನಿಂತಿತು.

"ಚಾಕು ಅಂದ್ರ? ಹಣ್ಣು ಹೆಚ್ಚೋದಾ?"

"ನೋ ಅವ್ವಾ. ಮಡಚಂಗಿಲ್ಲ ಅದು. ಫಿಕ್ಸೆಡ್ ಬ್ಲೇಡ್. ಹಂಟಿಂಗ್‌ಗೆ ತಗೊಂಡು ಹೋಗ್ತಾರಲ್ಲ, ದೊಡ್ಡದು, ಲೆದರ್ ಕವರ್ ಇರ್ತದ."

"ನೀ ಯಾವಾಗಿಂದ ಬ್ಯಾಟಿಗೆ ಹೊಂಟೀಪಾ? ಇರುವಿ ಕಂಡ್ರ ದಾಟಿ ಹೋಗ್ತಿದ್ದಿ."

ಅವನು ನಕ್ಕ. ಆ ನಗು ಕೇಳಿ ಬಹಳ ಕಾಲವಾಗಿತ್ತು. ಅದಕ್ಕೇ ನಾನು ಒಮ್ಮೆಲೇ ಬೇಡ ಎನ್ನಲಿಲ್ಲ. ನನ್ನ ಬಾಯಿ ಜೋರು ಎಂದು ನನ್ನ ಗಂಡ ಜೀವಮಾನವಿಡೀ ಹೇಳಿದರು. ಆವತ್ತು ಒಂದು ದಿನ ಬಾಯಿ ಕಟ್ಟಿಕೊಂಡೆ, ಅದರ ಫಲ ಉಂಡೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಚಿಕ್ಕವನು ಡರ್ಹಮ್‌ನ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರಿಕೆ ಕಲಿಯುತ್ತಿದ್ದ. ಮದುವೆಯಾಗಲು ಹೊರಟಿದ್ದ ಹುಡುಗಿ ಷಾರ್ಲೆಟ್ ಕಡೆಯವಳು, ಬಿಳಿಯರ ಪೈಕಿ. ಅದೇ ಊರಿನ ಬ್ಯಾಲಂಟೈನ್ ಕಡೆ ಹೊಸದಾಗಿ ಏಳುತ್ತಿದ್ದ ಆಫೀಸುಗಳಲ್ಲೊಂದರಲ್ಲಿ ಕೆಲಸಕ್ಕಿದ್ದಳು. ಅವಳ ಬಗ್ಗೆ ನನ್ನ ತಕರಾರು ಇರಲಿಲ್ಲ. ನಮ್ಮ ಬಳಗದ ಆಂಟಿಗಳೆಲ್ಲ ನನಗೆ ಸಮಾಧಾನ ಹೇಳಲು ಫೋನ್ ಮಾಡುತ್ತಿದ್ದರು, ನಾನು ಅವರಿಗೇ ಸಮಾಧಾನ ಹೇಳಿ ಇಡುತ್ತಿದ್ದೆ. ಬಿಳಿಯರ ಮದುವೆಯಲ್ಲಿ ಮದುಮಗನ ಪಕ್ಕದಲ್ಲಿ ಒಂದೇ ತರಹದ ಸೂಟು ತೊಟ್ಟ ಗಂಡುಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಗ್ರೂಮ್ಸ್‌ಮೆನ್ ಎನ್ನುತ್ತಾರೆ. ಹಾಗೆ ನಿಂತುಕೊಟ್ಟದ್ದಕ್ಕೆ ಮದುಮಗ ಅವರಿಗೊಂದು ಉಡುಗೊರೆ ಕೊಡಬೇಕು. ಹುಡುಗಿಯ ತಂದೆ ಜಿಂಕೆ ಬೇಟೆಯಾಡುವ ಮನುಷ್ಯ. ನಮ್ಮ ಕಡೆ ಗಂಡಸರಿಗೆ ಒಳ್ಳೆಯ ಚಾಕು ಕೊಡುತ್ತೇವೆ, ಅದು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂದು ಅವರು ಅಂದಿದ್ದರಂತೆ. ಎಲ್ಲ ಚಾಕುಗಳಿಗೂ ಚರ್ಮದ ಒರೆಯನ್ನು ತಮ್ಮ ಕೈಯಿಂದಲೇ ಹೊಲಿದುಕೊಡುತ್ತೇನೆ ಎಂದು ಚರ್ಮವನ್ನೂ ಕತ್ತರಿಸಿಟ್ಟಿದ್ದರು. ನನ್ನ ಮಗ ಹಿಗ್ಗಿಹೋಗಿದ್ದ. ಅಪ್ಪ ಇಲ್ಲದ ಹುಡುಗನಿಗೆ ಬೇರೊಬ್ಬರ ಅಪ್ಪ ಏನೋ ಒಂದು ಕೊಡಲು ಬಂದಿದ್ದರು.

"ಎಷ್ಟು ಮಂದಿ ನಿಲ್ತಾರ?" ಎಂದು ಕೇಳಿದೆ.

"ಐದು. ನಾಲ್ಕು ಮಂದಿ ಫ್ರೆಂಡ್ಸ್." ಸ್ವಲ್ಪ ತಡೆದು ಹೇಳಿದ, "ಮತ್ತ ಅಣ್ಣ. ಬಂದ್ರ."

ಆ 'ಬಂದ್ರ' ಎನ್ನುವುದರಲ್ಲೇ ನನ್ನ ಎರಡು ವರ್ಷದ ಬದುಕು ಇತ್ತು.

ನನ್ನ ಗಂಡ ತೀರಿಕೊಂಡದ್ದು ಮಿದುಳಿನಲ್ಲಿ ರಕ್ತಸ್ರಾವವಾಗಿ. ಮೂವತ್ತು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದ ಎಂಜಿನಿಯರು, ಒಂದು ದಿನ ರಜೆ ಹಾಕಿದವರಲ್ಲ, ತಿಂಡಿ ತಿನ್ನುತ್ತಾ ಕುರ್ಚಿಯಿಂದ ಜಾರಿದರು. ಹಿರಿಯವನು ಅಟ್ಲಾಂಟಾದಿಂದ ಬಂದ, ಚಿಕ್ಕವನು ಡರ್ಹಮ್‌ನಿಂದ ಬಂದ. ಆಸ್ಪತ್ರೆಯ ಕೋಣೆಯಲ್ಲಿ ಅವರ ಉಸಿರನ್ನು ಯಂತ್ರ ಆಡಿಸುತ್ತಿತ್ತು. ನಾವು ಮೂವರೂ ಏನೂ ತಿಂದಿರಲಿಲ್ಲ. ಹಿರಿಯವನು ಸೇಬು ಹೆಚ್ಚಿ ನನಗೆ ಎರಡು ಹೋಳು ಕೊಟ್ಟ, ಇನ್ನರ್ಧ ನೀನು ಹೆಚ್ಚಿಕೋ ಎಂದು ಚಾಕುವನ್ನು ತಮ್ಮನ ಕೈಗೆ ಕೊಟ್ಟ. ತಮ್ಮ ಕೈ ಚಾಚಿ ತೆಗೆದುಕೊಂಡ. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ, ಆವತ್ತು ಚಾಕುವಿನ ಕಡೆ ಯಾರ ಲಕ್ಷ್ಯ?

ನಮ್ಮ ಮನೆಯಲ್ಲಿ ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ಇಲ್ಲ. ಚಾಕು, ಕತ್ತರಿ, ಸೂಜಿ, ಯಾವುದಾದರೂ ಸರಿ, ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳ ಬರುತ್ತದೆ. ನನ್ನ ಅವ್ವನೂ ಅವಳ ನಾದಿನಿಯೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಾಗಲೂ ಈಳಿಗೆಯನ್ನು ಮಾತ್ರ ನೆಲದ ಮೇಲಿಟ್ಟು ಸರಿಸುತ್ತಿದ್ದರು. ಇನ್ನು ಜಗಳಕ್ಕೆ ಉಳಿದಿರುವುದೇನು ಎಂದು ನಾನು ನಗುತ್ತಿದ್ದೆ. ನಾನು ಬಿ.ಎಸ್ಸಿ. ಓದಿದವಳು.

ಮಾರನೆಯ ದಿನ ಡಾಕ್ಟರು, ಇವರು ಇನ್ನು ಏಳುವುದಿಲ್ಲ ಎಂದರು. ಯಂತ್ರ ತೆಗೆಯೋಣ, ಅಪ್ಪನನ್ನು ಹೀಗೆ ಮಲಗಿಸಬಾರದು ಎಂದು ಚಿಕ್ಕವನು ಹೇಳಿದ. ಕಾಯೋಣ ಎಂದು ಹಿರಿಯವನು ಗೋಗರೆದ. ನಾನು ಚಿಕ್ಕವನ ಮಾತಿಗೆ ಹೂಂ ಎಂದೆ. ಅದನ್ನು ಮರೆಮಾಚಿಲ್ಲ, ಇಬ್ಬರ ಎದುರಿಗೇ ಹೇಳಿದೆ, ಇವತ್ತಿಗೂ ಅದು ಸರಿಯೇ ಎನ್ನುತ್ತೇನೆ. ಆದರೆ ಹೆತ್ತ ತಾಯಿಯ ಮೇಲೆ ಸಿಟ್ಟು ಮಾಡಲಾಗದೆ ಹಿರಿಯವನು ಅದನ್ನೆಲ್ಲ ತಮ್ಮನ ಮೇಲೆ ಹಾಕಿದ. "ನೀ ಡಾಕ್ಟರ್ ಆಗಿದ್ದು ಇದಕ್ಕನ? ಯು ಕಿಲ್ಡ್ ಹಿಮ್" ಎಂದ. ಅದೇ ಕೊನೆ. ಆಮೇಲೆ ತಮ್ಮ ಫೋನ್ ಮಾಡಿದರೆ ಇಟ್ಟುಬಿಡುತ್ತಿದ್ದ. ಪ್ರತಿ ಭಾನುವಾರ ನನ್ನ ಜೊತೆ ಮಾತಾಡುತ್ತಿದ್ದ, ಅಟ್ಲಾಂಟಾದ ಸೆಖೆ, ಟ್ರಾಫಿಕ್ಕು, ಆಫೀಸು, ಎಲ್ಲ ಹೇಳುತ್ತಿದ್ದ. ತಮ್ಮ ಎನ್ನುವ ಶಬ್ದ ಬಂದರೆ, "ಅವ್ವಾ, ಐ ಹ್ಯಾವ್ ಟು ಗೋ."

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ದಾಯಾದಿಗಳಾಗಲು ಹೊಲ ಮನೆಯಾದರೂ ಇರಬೇಕಲ್ಲ! ಇವರಿಬ್ಬರ ನಡುವೆ ಇದ್ದದ್ದು ನಾನೊಬ್ಬಳೇ. ನಾನು ಸತ್ತ ದಿನ ಇವರು ಎರಡು ಕಾರಿನಲ್ಲಿ ಬಂದು ಎರಡು ಕಾರಿನಲ್ಲಿ ಹೋಗುತ್ತಾರೆ ಎಂದು ಯೋಚಿಸಿ ರಾತ್ರಿ ಎದ್ದು ಕೂರುತ್ತಿದ್ದೆ. ದೇವರ ಮುಂದೆ ದೀಪ ಹಚ್ಚಿ ಬೇರೇನೂ ಕೇಳುತ್ತಿರಲಿಲ್ಲ. ಅವನು ಮದುವೆಗೆ ಬರಲಿ. ಒಂದು ತಾಸು ತಮ್ಮನ ಪಕ್ಕದಲ್ಲಿ ನಿಲ್ಲಲಿ. ನಿಂತರೆ ಒಂದು ಮಾತಾದರೂ ಆಡಿಯಾನು.

ಫೋನಿನಲ್ಲಿ ಅತ್ತೆ, ಬೈದೆ, ಊಟ ಬಿಡುತ್ತೇನೆ ಎಂದೆ. ಕೊನೆಗೆ ಒಂದು ಭಾನುವಾರ ಅವನು, "ನಿನ್ನ ಸಲುವಾಗಿ ಬರ್ತೀನಿ. ಅವನ ಸಲುವಾಗಿ ಅಲ್ಲ. ಆಸ್ಕ್ ಮಿ ನಥಿಂಗ್ ಎಲ್ಸ್" ಎಂದ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. ಆ ಹುಲ್ಲುಕಡ್ಡಿಯ ಪಕ್ಕದಲ್ಲೇ ಈ ಚಾಕು.

ಮದುವೆಗೆ ಒಂದು ತಿಂಗಳಿರುವಾಗ ಚಿಕ್ಕವನ ಅಪಾರ್ಟ್‌ಮೆಂಟಿಗೆ ಹೋಗಿ ಕೂತೆ. ಅವನು ತನಗೆ ಬಿಡುವಿದ್ದ ಒಂದು ಮಧ್ಯಾಹ್ನ ನನ್ನನ್ನು ಅಂಗಡಿಗೆ ಕರೆದೊಯ್ದ. ಗಾಳ, ಬಂದೂಕು, ಡೇರೆ, ಮಂಕಿಟೋಪಿ ಮಾರುವ ದೊಡ್ಡ ಅಂಗಡಿ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ ನನ್ನನ್ನು ಗೋಡೆಗೆ ಹೊಡೆದಿಟ್ಟ ಜಿಂಕೆಯ ತಲೆ ನೋಡುತ್ತಿತ್ತು. ಅಂಗಡಿಯವನು ಗಾಜಿನ ಕಪಾಟಿನಿಂದ ಚಾಕು ತೆಗೆದು ನನ್ನ ಮುಂದೆ ಹಾಸಿದ ಬಟ್ಟೆಯ ಮೇಲೆ ಇಟ್ಟ. ಕೈಗೆ ಕೊಡಲಿಲ್ಲ. ಪಾಪ, ತಿಳಿದವನು ಎಂದುಕೊಂಡೆ.

ಬೇಡವೆಂದೇ ಹೋಗಿದ್ದೆ. ಆದರೆ ಒಳ್ಳೆಯ ಉಕ್ಕು ಕಂಡರೆ ನನಗೆ ಸುಮ್ಮನಿರಲಾಗದು. ನನ್ನ ಅವ್ವ ಕಂಬಾರನ ಅಂಗಡಿಯಲ್ಲಿ ಕೂತು ಈಳಿಗೆ ಮಾಡಿಸುತ್ತಿದ್ದವಳು, ನಾನು ಅವಳ ಪಕ್ಕ ನಿಂತು ಕಲಿತವಳು. ಮೊದಲು ಮಡಚುವ ಚಾಕುಗಳನ್ನೆಲ್ಲ ಪಕ್ಕಕ್ಕೆ ಸರಿಸಿದೆ. ಕೀಲಿದ್ದ ಕಡೆಗೇ ಅದರ ಸಾವು. ಹಿಡಿ ತಿರುಗಿಸಿ ನೋಡಿದೆ. ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿ ಹೋಗಿರಬೇಕು. ಅರ್ಧಕ್ಕೆ ನಿಂತಿದ್ದರೆ ಜೋರಾಗಿ ಒತ್ತಿದ ದಿನ ಹಿಡಿ ಕೈಯಲ್ಲಿ, ಅಲಗು ನೆಲದಲ್ಲಿ. ನಮ್ಮ ಈಳಿಗೆ ಇಷ್ಟು ವರ್ಷ ಬಾಳಿದ್ದು ಅದರ ಬುಡ ಮಣೆಯೊಳಗೆ ಆಳಕ್ಕೆ ಇಳಿದಿದ್ದರಿಂದ. ಅಲಗಿನ ಬೆನ್ನು ದಪ್ಪವಿದೆಯೇ ನೋಡಿದೆ, ಉಗುರಿನಿಂದ ಬಡಿದು ಕಿವಿಗೆ ಹಿಡಿದೆ, ಹೆಬ್ಬೆರಳನ್ನು ಅಡ್ಡಡ್ಡ ಸವರಿದೆ. ಜಿಂಕೆಕೊಂಬಿನ ಹಿಡಿ ಬೇಡ, ಮದುವೆ ಮನೆಗೆ ಸತ್ತ ಪ್ರಾಣಿ ಯಾಕೆ? ತುಕ್ಕು ಹಿಡಿಯದ ಉಕ್ಕೇ ಇರಲಿ, ಈ ಹುಡುಗರು ಎಣ್ಣೆ ಹಚ್ಚಿ ಒರೆಸುವ ಜಾತಿಯಲ್ಲ.

"ಮ್ಯಾಮ್, ನೀವು ಬೇಟೆಗೆ ಹೋಗುತ್ತೀರಾ?" ಎಂದು ಅಂಗಡಿಯವನು ಇಂಗ್ಲಿಷಿನಲ್ಲಿ ಕೇಳಿದ.

"ಬದನೇಕಾಯಿ ಬೇಟೆ" ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಮಗ ಬಿದ್ದು ಬಿದ್ದು ನಕ್ಕ.

ನಾಲ್ಕು ಚಾಕು ಒಂದೇ ತರಹದವು ಸಿಕ್ಕವು. ಸರಿಯಪ್ಪ, ಮುಗಿಯಿತು, ನಡೆ ಎಂದೆ. ಅವನು ನಡೆಯಲಿಲ್ಲ. ಕಪಾಟಿನ ಮೇಲೆ ಬಗ್ಗಿ ಒಂದೊಂದಾಗಿ ನೋಡುತ್ತಾ ಕೊನೆಗೆ ಒಂದನ್ನು ತೋರಿಸಿ ತೆಗೆಸಿದ. ಅದರ ಹಿಡಿ ವಾಲ್‌ನಟ್ ಮರದ್ದು, ಕಂದು ಬಣ್ಣ, ನಡುವೆ ಕಪ್ಪು ಗೆರೆ ಹರಿದಿತ್ತು.

"ಡ್ಯಾಡಿ ಟೇಬಲ್‌ನಂಗ ಅದ ಅಲ್ಲ, ಅವ್ವಾ? ಇದು ಅಣ್ಣಗ."

ನನ್ನ ಗಂಡನ ಬರೆಯುವ ಮೇಜು ಅದೇ ಮರದ್ದು. ಅದರ ಕೆಳಗೆ ಇಬ್ಬರೂ ಮನೆಯಾಟ ಆಡಿ ಬೆಳೆದವರು. ಆದರೂ ಅಂಗಡಿಯಲ್ಲಿ ನಿಂತೇ ಹೇಳಿದೆ, "ಬ್ಯಾಡ. ಅಣ್ಣಗ ಚಾಕು ಬ್ಯಾಡ. ಫ್ರೆಂಡ್ಸಿಗೆ ಏನರ ಕೊಡು. ಒಡಹುಟ್ಟಿದಾವಗ ಹರಿತಾದ್ದು ಕೊಡಬಾರದು, ಇರೋ ಸಂಬಂಧನೂ ಕಡೀತದ. ಅವಗ ವಾಚ್ ಕೊಡು."

"ಎಲ್ಲಾರ್ಗೂ ಒಂದು, ಅವಗೊಂದು? ಅವನ್ನ ಹೊರಗ ಇಟ್ಟೆ ಅಂತ ತಿಳ್ಕೋತಾನ."

"ಹಂಗಾರ ಎಲ್ಲಾರ್ಗೂ ವಾಚ್ ಕೊಡು."

"ಅವಳ ಡ್ಯಾಡ್ ಐದು ಕವರ್ ಹೊಲಿಲಿಕ್ಕತ್ತಾರ, ಅವ್ವಾ. ಹೌ ಡು ಐ ಟೆಲ್ ಹಿಮ್?" ಅವನ ಕಣ್ಣು ಒದ್ದೆಯಾಗಿತ್ತು. "ನಾ ಅಣ್ಣಗ ಬೆಸ್ಟ್ ಒನ್ ಕೊಡಬೇಕು. ಪ್ಲೀಸ್."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಕೊಡದಿದ್ದರೆ ಅವನಿಗೆ ಅವಮಾನ, ಎದ್ದು ಹೋಗುತ್ತಾನೆ. ಕೊಟ್ಟರೆ ಅಪಶಕುನ. ಆ ಸೇಬಿನ ಚಾಕು ಒಂದು ಸಲ ಕೈ ಬದಲಾಯಿಸಿದ್ದಕ್ಕೆ ನಾನು ಎರಡು ವರ್ಷ ಅನುಭವಿಸಿದ್ದೆ. ಈಗ ತಮ್ಮನೇ ಬೇಕೆಂದು ಆರಿಸಿ, ಚರ್ಮದ ಒರೆ ತೊಡಿಸಿ, ಜನರ ಎದುರಿಗೆ ಅಣ್ಣನಿಗೆ ಅಲಗು ಕೊಡುತ್ತಾನಂತೆ! ಓದಿದ ಬುದ್ಧಿ ಒಂದು ಕಡೆ, ಇದೆಲ್ಲ ಸುಳ್ಳು ಎನ್ನುತ್ತಿತ್ತು. ಸುಳ್ಳಾದರೆ ಏನೂ ಹೋಗುವುದಿಲ್ಲ, ನಿಜವಾದರೆ ಮಕ್ಕಳೇ ಹೋಗುತ್ತಾರೆ. ಅಂಥಲ್ಲಿ ಯಾವ ತಾಯಿ ಬಿ.ಎಸ್ಸಿ.ಯ ಮಾತು ಕೇಳುತ್ತಾಳೆ?

ಮದುವೆಗೆ ನಾಲ್ಕೈದು ದಿನ ಇರುವಾಗ ಐದೂ ಚಾಕುಗಳು ಒರೆ ತೊಟ್ಟು, ಪೆಟ್ಟಿಗೆಯಲ್ಲಿ ಕೂತು, ಮಗನ ಬಟ್ಟೆಯ ಕಪಾಟಿಗೆ ಬಂದವು. ಅವನು ಬೆಳಿಗ್ಗೆ ಡ್ಯೂಟಿಗೆ ಹೋದ. ನಾನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚಹಾ ಕುಡಿಯುತ್ತಾ ಕೂತಿದ್ದೆ. ಆಗ ತಲೆಗೆ ಹೊಳೆಯಿತು. ಹರಿತವಾದದ್ದು ಕೊಡಬಾರದು, ಅಷ್ಟೇ ತಾನೆ? ಹರಿತವೇ ಇಲ್ಲದಿದ್ದರೆ ಅದು ಚಾಕುವಲ್ಲ. ಚಾಕುವಿನ ಆಕಾರದ ಕಬ್ಬಿಣ. ಅದು ಏನನ್ನೂ ಕಡಿಯುವುದಿಲ್ಲ. ಅಟ್ಲಾಂಟಾದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನನ್ನ ಹಿರಿಮಗ ಅದನ್ನು ಒರೆಯಿಂದ ತೆಗೆಯುವುದಾದರೂ ಯಾವಾಗ?

ವಾಲ್‌ನಟ್ ಹಿಡಿಯದನ್ನು ತೆಗೆದುಕೊಂಡು ಹಿಂಬಾಗಿಲ ಕಾಂಕ್ರೀಟ್ ಮೆಟ್ಟಿಲ ಮೇಲೆ ಕೂತೆ. ನೀರು ಚಿಮುಕಿಸಿ ಅಲಗನ್ನು ಮೆಟ್ಟಿಲಿಗೆ ನೆಟ್ಟಗೆ ನಿಲ್ಲಿಸಿ ತಿಕ್ಕಿದೆ. ಸಾಣೆ ಹಿಡಿಯುವವರು ಓರೆಯಾಗಿ ಹಿಡಿಯುತ್ತಾರೆ, ನಾನು ಉಲ್ಟಾ ಕೆಲಸ ಮಾಡುತ್ತಿದ್ದೆ. ನಾನೇ ಆರಿಸಿದ ಉಕ್ಕು, ಸುಲಭಕ್ಕೆ ಸೋಲುತ್ತದೆಯೇ! ಕೈ ಜಾರಿ ಬೆರಳ ಗೆಣ್ಣುಗಳು ಕಾಂಕ್ರೀಟಿಗೆ ಉಜ್ಜಿ ಸಿಪ್ಪೆ ಎದ್ದವು. ನಾಯಿ ಹಿಡಿದುಕೊಂಡು ಬಂದ ಪಕ್ಕದ ಮನೆಯ ಬಿಳಿ ಹೆಂಗಸು ದೊಡ್ಡ ಚಾಕು ತಿಕ್ಕುತ್ತಾ ಅಳುತ್ತಿದ್ದ ನನ್ನನ್ನು ನೋಡಿ ನಾಯಿಯನ್ನು ಎಳೆದುಕೊಂಡೇ ಓಡಿದಳು. ಹೌದು, ಅಳುತ್ತಿದ್ದೆ. ಅದರ ಹಿಡಿಯನ್ನು ನೋಡಿದಾಗಲೆಲ್ಲ ಅಳು ಬರುತ್ತಿತ್ತು. ಅಡುಗೆಗೆ ಹೊತ್ತಾಗುವವರೆಗೆ ತಿಕ್ಕಿ, ಹೆಬ್ಬೆರಳು ಸವರಿದರೆ ಏನೂ ತಾಗದಷ್ಟು ಮೊಂಡು ಮಾಡಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟೆ. ಗೆಣ್ಣುಗಳಿಗೆ ಬ್ಯಾಂಡೇಜು ಸುತ್ತಿಕೊಂಡೆ. ಕೇಳಿದ ಮಗನಿಗೆ ತರಕಾರಿ ಹೆಚ್ಚುವಾಗ ಆಯಿತು ಎಂದೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹುಡುಗಿಯ ತಂದೆಯ ಮನೆಯ ಹಿತ್ತಲಲ್ಲಿ ಊಟ. ಷಾರ್ಲೆಟ್‌ನಿಂದ ಸ್ವಲ್ಪ ಆಚೆ, ಸುತ್ತ ಪೈನ್ ಮರಗಳು. ಒಂದು ಕಡೆ ಇಡೀ ಹಂದಿ ಬೇಯುತ್ತಿತ್ತು. ನನಗಾಗಿ ಬೇರೆ ಮೇಜು ಹಾಕಿ ಜೋಳದ ಬ್ರೆಡ್ಡು, ಹುರುಳಿಕಾಯಿ ಇಟ್ಟು, ಇದರಲ್ಲಿ ಮಾಂಸವಿಲ್ಲ ಎಂದು ಹುಡುಗಿಯ ತಾಯಿ ಮೂರು ಸಲ ಆಣೆ ಮಾಡಿದಳು.

ಹಿರಿಯವನು ಬಂದ. ಅಟ್ಲಾಂಟಾದಿಂದ ಒಬ್ಬನೇ ಡ್ರೈವ್ ಮಾಡಿಕೊಂಡು ಬಂದಿದ್ದ. ತೆಳ್ಳಗಾಗಿದ್ದ. ನನ್ನನ್ನು ಅಪ್ಪಿಕೊಂಡ, ಹುಡುಗಿಯ ಕೈ ಕುಲುಕಿದ, ಅವಳ ಅಪ್ಪನ ಜೊತೆ ಹವಾಮಾನ ಮಾತಾಡಿದ. ತಮ್ಮ ಎರಡು ಹೆಜ್ಜೆ ಮುಂದೆ ಬಂದು "ಅಣ್ಣಾ" ಎಂದ. ಇವನು ತಲೆಯಾಡಿಸಿ ಬೇರೆ ಕಡೆ ನೋಡಿದ. ತಲೆಯಾಡಿಸಿದನಲ್ಲ! ನಾನು ಅಷ್ಟಕ್ಕೇ ದೇವರಿಗೆ ಕೈ ಮುಗಿದೆ.

ಊಟವಾದ ಮೇಲೆ ಮದುಮಗ ಪೆಟ್ಟಿಗೆಗಳನ್ನು ತಂದ. "ಮೇಜಿನ ಮ್ಯಾಲೆ ಇಡು, ಕೈಯಾಗ ಕೊಡಬ್ಯಾಡ" ಎಂದು ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದೆ. ಹಾಗೇ ಮಾಡಿದ. ಐವರೂ ಎತ್ತಿಕೊಂಡರು. ಹುಡುಗರು ಹೋ ಎಂದು ಕೂಗಿದರು. ಹಿರಿಯವನು ತನ್ನದನ್ನು ತೆರೆದು ಬಹಳ ಹೊತ್ತು ಹಿಡಿಯನ್ನೇ ನೋಡಿದ, ಕಪ್ಪು ಗೆರೆಯ ಮೇಲೆ ಬೆರಳು ಸವರಿದ. ಅವನ ಮುಖ ಸಡಿಲವಾದದ್ದು ನನಗೆ ಕಾಣಿಸಿತು. ಏನೋ ಹೇಳಲು ಬಾಯಿ ತೆರೆದ ಕೂಡ.

ಅಷ್ಟರಲ್ಲಿ ಹುಡುಗಿಯ ತಂದೆ ಹೆಬ್ಬೆರಳು ದಪ್ಪದ ಹಗ್ಗದ ಸುರುಳಿ ತಂದರು. ಹೊಸ ಚಾಕು ಮನೆಗೆ ಒಯ್ಯುವ ಮುಂಚೆ ಒಂದೇ ಏಟಿಗೆ ಹಗ್ಗ ಕಡಿದು ತೋರಿಸಬೇಕು, ಅದು ಅವರ ಮನೆಯ ಆಟವಂತೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಒಬ್ಬ ಕಡಿದ, ಚಪ್ಪಾಳೆ. ಎರಡನೆಯವನು ಕಡಿದ. ನಾನು ಎದ್ದು, ಸಾಕು, ಐಸ್‌ಕ್ರೀಮ್ ಕರಗುತ್ತಿದೆ ಎಂದೆ, ಯಾರೂ ಕೇಳಲಿಲ್ಲ. ಮೂರು, ನಾಲ್ಕು. ಹಿರಿಯವನ ಸರದಿ ಬಂತು.

ಹಗ್ಗ ಬಗ್ಗಿತು, ಅಷ್ಟೇ. ಮತ್ತೊಮ್ಮೆ ಹೊಡೆದ. ಬಗ್ಗಿತು. ಹುಡುಗರು ನಕ್ಕರು. ಮೂರನೆಯ ಸಲ ಹಗ್ಗದ ಮೇಲಿಟ್ಟು ಗರಗಸದ ಹಾಗೆ ಎಳೆದ, ಒಂದು ಎಳೆಯೂ ಹರಿಯಲಿಲ್ಲ. ನಗು ನಿಂತಿತು. ಹುಡುಗಿಯ ತಂದೆ ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಇದು ಅಂಗಡಿಯಿಂದ ಹೀಗೆ ಬಂದದ್ದಲ್ಲ, ಯಾರೋ ಬೇಕೆಂದೇ ಉಜ್ಜಿದ್ದಾರೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳುವ ಜನ.

ಹಿರಿಯವನು ಚಾಕುವನ್ನು ಮೇಜಿನ ಮೇಲಿಟ್ಟ. ಎರಡು ವರ್ಷದ ಮೇಲೆ ತಮ್ಮನ ಮುಖ ನೋಡಿ ಮಾತಾಡಿದ. "ಸೋ ದಿಸ್ ಈಸ್ ವಾಟ್ ಯು ಥಿಂಕ್ ಆಫ್ ಮಿ."

ಹಿರಿಯವನು ಕಾರಿನ ಕಡೆ ನಡೆದ.

ನಾನು ಓಡಿದೆ. ಧಾರವಾಡ ಸೀರೆಯ ನಿರಿಗೆ ಕಾಲಿಗೆ ತೊಡರಿ ಹುಲ್ಲಿನ ಮೇಲೆ ಮುಗ್ಗರಿಸಿದೆ, ಎದ್ದು ಮತ್ತೆ ಓಡಿದೆ. ಅವನು ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಹೋಗಿ ಬಾಗಿಲಿಗೂ ಅವನಿಗೂ ನಡುವೆ ನಿಂತೆ.

"ಅದನ್ನ ಮೊಂಡ ಮಾಡಿದಾಕಿ ನಾ. ಅವಗ ಗೊತ್ತಿಲ್ಲ."

"ಸ್ಟಾಪ್ ಇಟ್, ಅವ್ವಾ. ಆವತ್ತೂ ಹಿಂಗ ಮಾಡಿದಿ. ಅವ ಮಾಡಿದ್ದೆಲ್ಲಾ ನೀ ನಿನ್ನ ಮ್ಯಾಲೆ ಹಾಕೋತಿ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಿಜ ಹೇಳಿದರೂ ನಂಬುವುದಿಲ್ಲ ಇವನು. ಆಸ್ಪತ್ರೆಯಲ್ಲಿ ಅವನ ಎದುರಿಗೇ ಹೂಂ ಎಂದದ್ದನ್ನೇ ನಂಬಲಿಲ್ಲವಲ್ಲ. ಇನ್ನೇನು ಮಾಡಲಿ, ಯಾರನ್ನು ಸಾಕ್ಷಿ ಕರೆಯಲಿ? ಬ್ಯಾಂಡೇಜುಗಳನ್ನು ಹಲ್ಲಿನಿಂದ ಕಿತ್ತು ಎರಡೂ ಕೈ ಅವನ ಮುಖದ ಮುಂದೆ ಹಿಡಿದೆ.

"ಇಕಾ ನೋಡು. ಹುಟ್ಟಿದಾಗಿಂದ ನನ್ನ ಈಳಿಗಿ ಮುಂದ ಬೆಳದೀ. ಒಂದು ದಿನರ ನನ್ನ ಬೆರಳು ಕೊಯ್ಕೊಂಡದ್ದು ಕಂಡೀಯೇನು? ಇದು ಕಾಂಕ್ರೀಟಿಗೆ ತಿಕ್ಕಿದ್ದು. ಆ ಹಿಡಿ ನೋಡಿದೀ? ಅಪ್ಪನ ಟೇಬಲ್ ಕಟ್ಟಿಗಿ ಅದು. ನಾಲ್ಕು ಚಾಕು ನಾ ಆರಿಸೀನಿ, ಅದೊಂದು ಅವ ಆರಿಸಿದಾ, ಅಂಗಡ್ಯಾಗ ಅತಗೋತ ನಿಂತು. ಕೆಡಿಸಿದಾಕಿ ನಾ."

ಅವನು ನನ್ನ ಗೆಣ್ಣುಗಳನ್ನು ನೋಡಿದ. ಮುಟ್ಟಲು ಕೈ ತಂದು ಹಿಂದೆಗೆದ.

"ಯಾಕ, ಅವ್ವಾ?"

"ಹರಿತಾದ್ದು ಕೊಟ್ರ ಸಂಬಂಧ ಕಡೀತದ."

"ವಾಟ್ ಸಂಬಂಧ? ಇರೋದರ ಏನು?"

"ಇಲ್ಲಂದ್ರ ನೀ ಯಾಕ ಬಂದೀ? ಮೊಂಡ ಅಂತ ಗೊತ್ತಾದ ಕೂಡ್ಲೆ ಮಾರಿ ಯಾಕ ಸಣ್ಣದಾತು? ಹೊರಗಿನಾಂವ ಕೊಟ್ಟಿದ್ರ ನಕ್ಕು ಒಗೀತಿದ್ದಿ."

ನನಗೆ ತಡೆಯಲಾಗಲಿಲ್ಲ, ಎಲ್ಲ ಹೊರಗೆ ಬಂತು. "ಆಸ್ಪತ್ರ್ಯಾಗ ನೀ ಸೇಬು ಹೆಚ್ಚಿ ಚಾಕು ಅವನ ಕೈಯಾಗ ಕೊಟ್ಟಿ. ನಾ ನೋಡಿದೆ. ಕೆಳಗ ಇಡು ಅನ್ನಲಿಲ್ಲ ನಾ."

"ಅವ್ವಾ! ಅದಕ್ಕಲ್ಲ. ಯು ನೋ ದಟ್ಸ್ ನಾಟ್ ವೈ."

"ಗೊತ್ತದ. ನನಗ ಗೊತ್ತಿಲ್ಲೇನು? ಅಪ್ಪ ಹ್ವಾದಾ, ನೀವಿಬ್ರೂ ಹ್ವಾದ್ರಿ. ಕಂದಾ, ನನ್ನ ಕೈಯಾಗ ಇನ್ನೇನಿತ್ತು? ಆ ಒಂದು ಚಾಕು ಇತ್ತು. ಅದನ್ನ ತಿಕ್ಕಿದೆ."

ಅವನು ಕಾರಿಗೆ ಹಣೆ ಒತ್ತಿ ನಿಂತ. ಅಳುತ್ತಿದ್ದ. ಅವರ ಅಪ್ಪ ಹೋದಾಗ ಅವನು ಅತ್ತಿರಲಿಲ್ಲ, ಬರೀ ಸಿಟ್ಟು ಮಾಡಿದ್ದ. ನಾನು ಬೆನ್ನ ಮೇಲೆ ಕೈಯಿಟ್ಟು ನಿಂತೆ. ಹಿತ್ತಲಿನಲ್ಲಿ ಕನ್ನಡ ತಿಳಿಯದ ಅಷ್ಟೂ ಜನ ನಮ್ಮನ್ನೇ ನೋಡುತ್ತಿದ್ದರು.

ಆಮೇಲೆ ಅವನು ತೋಳಿನಿಂದ ಮುಖ ಒರೆಸಿಕೊಂಡು ಕಾರಿನ ಬಾಗಿಲು ಹಾಕಿದ. ಹಿಂದಕ್ಕೆ ನಡೆದ. ಮೇಜಿನ ಪಕ್ಕ ಚಿಕ್ಕವನು ಇನ್ನೂ ಹಾಗೇ ನಿಂತಿದ್ದ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ. ಹುಡುಗಿಯ ತಂದೆ ಒಳಗಿನಿಂದ ಸಾಣೆಕಲ್ಲು ತಂದು ಮೇಜಿನ ಮೇಲಿಟ್ಟಿದ್ದರು, ಕೊಡಿ, ಐದು ನಿಮಿಷದಲ್ಲಿ ಸರಿ ಮಾಡುತ್ತೇನೆ ಎಂದರು. ಹಿರಿಯವನು ಅವರಿಗೆ ಥ್ಯಾಂಕ್ಸ್ ಹೇಳಿ ಚಾಕುವನ್ನು ಎತ್ತಿಕೊಂಡ. ಅಲಗನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಹಿಡಿಯನ್ನು ನೇರವಾಗಿ ತಮ್ಮನ ಕಡೆಗೆ ಚಾಚಿದ.

"ಕೈಯಾಗ ಕೊಡಬ್ಯಾಡೋ" ಎಂದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಹಿರಿಯವನು ಕತ್ತು ತಿರುಗಿಸಿ ನನ್ನನ್ನು ನೋಡಿದ.

"ಮೊಂಡ ಅದ ಅಲ್ಲ, ಅವ್ವಾ?"

ನಾನು ಬಾಯಿ ಮುಚ್ಚಿಕೊಂಡೆ. ಚಿಕ್ಕವನು ಕೈ ಚಾಚಿ ಹಿಡಿಯನ್ನು ಹಿಡಿದ. ಹಿರಿಯವನು ಬಿಡಲಿಲ್ಲ. ಒಬ್ಬನು ಅಪ್ಪನ ಮೇಜಿನ ಮರವನ್ನು, ಇನ್ನೊಬ್ಬನು ಬರಿಯ ಅಲಗನ್ನು ಬಿಗಿಯಾಗಿ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಚಾಕು ಹರಿತವಿದ್ದಿದ್ದರೆ ಹಾಗೆ ಹಿಡಿಯಲು ಆಗುತ್ತಿರಲಿಲ್ಲ.